ಪ್ರೇಕ್ಷಕರು ಸತ್ತಾಗ ನಿಲ್ಲದ ಕಾರು

ವೀಕ್ಷಕರೇ, ಇಟಲಿಯ ಲಾನ್ಸಿಯಾ ಕಂಪನಿ ರ್ಯಾಲಿಗೆಂದೇ ಒಂದು ಕಾರು ಕಟ್ಟಿತ್ತು. ಹೆಸರು ಡೆಲ್ಟಾ ಎಸ್4. ತೂಕ ಸುಮಾರು 900 ಕಿಲೋ, ಶಕ್ತಿ 450 ಎಚ್‌ಪಿಗೂ ಹೆಚ್ಚು. ಒಂದೇ ಇಂಜಿನ್ನಿಗೆ ಸೂಪರ್‌ಚಾರ್ಜರೂ ಇತ್ತು, ಟರ್ಬೋನೂ ಇತ್ತು. ಪೆಟ್ರೋಲ್ ಟ್ಯಾಂಕು ಎಲ್ಲಿ ಗೊತ್ತಾ? ಸೀಟಿನ ಕೆಳಗೆ! ಇಂಥ ಕಾರುಗಳ ವರ್ಗಕ್ಕೆ ಗ್ರೂಪ್ ಬಿ ಅಂತ ಹೆಸರು. 200 ಕಾರು ತಯಾರಿಸಿದರೆ ಸಾಕು, ಸ್ಪರ್ಧೆಗೆ ಇಳಿಸಬಹುದಿತ್ತು.

1985ರ ನವೆಂಬರ್‌ನಲ್ಲಿ ಬ್ರಿಟನ್ನಿನ ಆರ್‌ಎಸಿ ರ್ಯಾಲಿ. ಮೊದಲ ಸ್ಪರ್ಧೆಯಲ್ಲೇ ಗೆಲುವು. ಓಡಿಸಿದ್ದು ಫಿನ್ಲೆಂಡಿನ ಹೆನ್ರಿ ತೊಯ್ವೊನೆನ್. ಜನವರಿಯಲ್ಲಿ ಮಾಂಟೆ ಕಾರ್ಲೊ ಕೂಡ ಅವರದೇ.

ಮಾರ್ಚ್‌ನಲ್ಲಿ ಪೋರ್ಚುಗಲ್. ಅದೇ ಗ್ರೂಪ್ ಬಿ ವರ್ಗದ ಒಂದು ಫೋರ್ಡ್, ರಸ್ತೆ ಪಕ್ಕದ ಗುಂಪಿಗೆ ನುಗ್ಗಿತು. ಪ್ರೇಕ್ಷಕರು ಸತ್ತರು, ಮೂವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಕಂಪನಿ ತಂಡಗಳ ಚಾಲಕರು ಆ ರ್ಯಾಲಿಯಿಂದ ಹಿಂದೆ ಸರಿದರು. ಕಾರುಗಳು ಮಾತ್ರ ಮುಂದಿನ ರ್ಯಾಲಿಗೆ ಹೊರಟವು.

1986ರ ಮೇ 2, ಕೊರ್ಸಿಕಾ ದ್ವೀಪ. ತೊಯ್ವೊನೆನ್ ಕಾರು ತಿರುವಿನಲ್ಲಿ ರಸ್ತೆ ಬಿಟ್ಟು ಕೆಳಗುರುಳಿ ಸುಟ್ಟುಹೋಯಿತು. ಅವರಿಗೆ ಆಗ 29 ವರ್ಷ. ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಕೂಡ ಉಳಿಯಲಿಲ್ಲ. ಆಗ ಬಂತು ನೋಡಿ ತೀರ್ಮಾನ: 1987ರಿಂದ ಗ್ರೂಪ್ ಬಿ ಇಲ್ಲ!

ನಾನು ಕೇಳೋದಿಷ್ಟೇ. ಪೋರ್ಚುಗಲ್‌ನಲ್ಲಿ ಹೋದ ಜೀವಗಳು ಸಾಕಾಗಲಿಲ್ವಾ? ನಿಯಮ ಬದಲಾಗೋಕೆ ಹೆಸರಿರೋರೇ ಸಾಯಬೇಕಿತ್ತಾ?