ಪೂಜೆ ರುಚಿಸದ ದಿನಗಳು

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಪೂಜ್ಯರು ನನಗೆ ಕೊಟ್ಟ ವಿಷಯ ‘ನಿವೃತ್ತಿಯ ನಂತರದ ಬದುಕು’. ನೀರಾವರಿ ಇಲಾಖೆಯಲ್ಲಿ 34 ವರ್ಷ ದುಡಿದವನು, ಹೊತ್ತು ಕಳೆಯುವ ಬಗ್ಗೆ ನಾಲ್ಕು ಮಾತು ಹೇಳಿಯಾನು ಎಂದುಕೊಂಡಿದ್ದರು. ನಿನ್ನೆ ಸಂಜೆ ಹೋಗಿ ಕೇಳಿಕೊಂಡೆ: “ಅಜ್ಜಾರ, ನಿವೃತ್ತಿ ಆದಮ್ಯಾಲೆ ನನಗ ಬಂದದ್ದು ಖಿನ್ನತೆ ಕಾಯಿಲೆ. ಅದನ್ನ ಹೇಳ್ಲೇನ್ರಿ?” ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನ ಹೇಳ್ರಿ” ಎಂದರು. ಇಲ್ಲಿ ಕುಳಿತಿರುವ ಅನೇಕರಿಗೆ ನಾನು ‘ಬಿ.ಪಿ. ಜಾಸ್ತಿಯಾಗಿ ವಿಶ್ರಾಂತಿಯಲ್ಲಿದ್ದ’ ಎಂಬುದಷ್ಟೇ ಗೊತ್ತು. ಅದು ನಾವೇ ಹಬ್ಬಿಸಿದ ಸುಳ್ಳು.

ಶುರುವಾದದ್ದು ನಿದ್ದೆಯಿಂದ. ಬೆಳಗಿನ ಮೂರೂವರೆಗೆ ಎಚ್ಚರ, ಎದೆ ಢವಢವ, ಅಂಗೈ ಬೆವರು. ಹೃದಯದ ಕಾಯಿಲೆಯೆಂದು ಹೆದರಿ ಇಸಿಜಿ ಮಾಡಿಸಿದೆ. ಎಲ್ಲ ಸರಿಯಾಗಿತ್ತು. ಗ್ಯಾಸ್ ಇರಬೇಕೆಂದು ಗುಳಿಗೆ ಕೊಟ್ಟು ಕಳಿಸಿದರು. ಮುಂದೆ ಪತ್ರಿಕೆ ಓದುವುದು ಬಿಟ್ಟಿತು, ಊಟ ಬೇಡವಾಯಿತು. ಮೊಮ್ಮಗಳು ಫೋನಿನಲ್ಲಿ ಮಾತಾಡಿದರೂ ಯಾವಾಗ ಇಟ್ಟಾಳೋ ಅನ್ನಿಸುತ್ತಿತ್ತು.

ಹಿತೈಷಿಗಳು, “ಖಾಲಿ ಕೂತ್ರ ಹಿಂಗ ಆಗೂದ ಸರ್, ಕಾಯಕ ಹಿಡೀರಿ” ಎಂದರು. ಮಠದ ದಾಸೋಹದ ಲೆಕ್ಕ ಬರೆಯುವ ಕೆಲಸ ವಹಿಸಿಕೊಂಡೆ. ಕಾಲುವೆಯಲ್ಲಿ ಎಷ್ಟು ಕ್ಯೂಸೆಕ್ ನೀರು ಹರಿಯುತ್ತದೆಂದು ಲೆಕ್ಕ ಹಾಕಿದವನಿಗೆ, ಅಕ್ಕಿ, ಬೇಳೆ, ಸಿಲಿಂಡರಿನ ಒಂದು ಪುಟ ಕೂಡಿಸಲು ಆಗಲಿಲ್ಲ. ಮೂರು ಸಲ ಕೂಡಿಸಿದರೆ ಮೂರು ಮೊತ್ತ. ಪುಸ್ತಕ ಮುಚ್ಚಿಟ್ಟು, ಕಣ್ಣು ಮಂಜು ಎಂದು ನೆಪ ಹೇಳಿ ಮನೆಗೆ ಬಂದೆ. ಕಾಯಕವೂ ಆಗದವನು ಎಂಬ ಹೊಸ ಹೊರೆ ತಲೆಗೇರಿತು.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಕೂತರೆ ಏನೂ ಅನ್ನಿಸುತ್ತಿರಲಿಲ್ಲ. 40 ವರ್ಷ ತಪ್ಪದೆ ಮಾಡಿದ ಪೂಜೆ ಅದು. ದೃಷ್ಟಿ ನಿಲ್ಲದು, ಮನಸ್ಸು ಕರಗದು. ನನ್ನ ನಿಷ್ಠೆಯೇ ಸುಳ್ಳಾಗಿತ್ತು, ಈಗ ಬಯಲಾಯಿತು ಎಂದುಕೊಂಡೆ. ಇದನ್ನು ಯಾರ ಮುಂದೆ ಹೇಳಲಿ? ಮಠಕ್ಕೆ ಬರುವುದನ್ನೇ ಬಿಟ್ಟೆ.

ಜಾತಕ, ತಾಯತ ಬೇಡವೆಂದು ವೇದಿಕೆ ಮೇಲೆ ಮಾತಾಡುವವನ ದಿಂಬಿನ ಕೆಳಗೆ ಒಂದು ದಿನ ತಾಯತ ಸಿಕ್ಕಿತು. ಮನೆಯವರು ಇಟ್ಟದ್ದು. ನಾನು ಬಯ್ಯಲಿಲ್ಲ, ಬಯ್ಯುವ ಶಕ್ತಿಯೂ ಇರಲಿಲ್ಲ. ತಾಯತ ಬೇಡವೆಂದು ಹೇಳಿದ ನಾವು, ಇಂಥ ಹೊತ್ತಿನಲ್ಲಿ ಎಲ್ಲಿಗೆ ಹೋಗಬೇಕೆಂದು ಆ ತಾಯಿಗೆ ಎಂದೂ ಹೇಳಿರಲಿಲ್ಲವಲ್ಲ.

ಆದರೆ ಅವರೇ ಒಂದು ರಾತ್ರಿ, ನಾನು ಕತ್ತಲಲ್ಲಿ ಕೂತಿದ್ದಾಗ ನೇರವಾಗಿ ಕೇಳಿದರು: “ಸಾಯಬೇಕು ಅನಸ್ತದೇನ್ರಿ?” ಹೌದು ಎಂದೆ. ಆ ಒಂದು ಶಬ್ದ ಹೊರಗೆ ಬಂದದ್ದೇ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದಂತಾಯಿತು. ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹಾಕಿದಂತೆ ಎಂದು ನಾವು ಹೆದರುತ್ತೇವೆ. ಹಾಗಾಗುವುದಿಲ್ಲ, ಕೇಳಲೇಬೇಕು ಎಂದು ವೈದ್ಯರು ಆಮೇಲೆ ಹೇಳಿದರು. ಆ ರಾತ್ರಿ ಅವರು ನನ್ನನ್ನು ಒಬ್ಬನೇ ಬಿಡಲಿಲ್ಲ. ಬೆಳಿಗ್ಗೆ ಧಾರವಾಡಕ್ಕೆ, ಡಿಮ್ಹಾನ್ಸ್‌ಗೆ ಕರೆದೊಯ್ದರು. ಪರಿಚಿತರು ಕಂಡಾರೆಂದು ಗೇಟಿಗಿಂತ ದೂರದಲ್ಲೇ ಆಟೋ ನಿಲ್ಲಿಸಿ ನಡೆದೆವು.

ವೈದ್ಯರು ಮೊದಲು ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿದರು. ಇವುಗಳ ಏರುಪೇರಿನಿಂದಲೂ ಮನಸ್ಸು ಕುಗ್ಗಬಹುದಂತೆ. ನಮ್ಮಂಥ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ, ನೆನಪಿಡಿ. ನನ್ನದು ಸ್ವಲ್ಪ ಕಡಿಮೆಯಿತ್ತು, ಆದರೆ ಕಾರಣ ಅದೊಂದೇ ಅಲ್ಲ. ಪೂಜೆಯ ವಿಷಯ ಹೇಳಿ ಅತ್ತಾಗ ಅವರು ಕೇಳಿದ್ದು ಇಷ್ಟೇ: “ಹೋಳಿಗೆ ರುಚಿ ಹತ್ತತದೇನ್ರಿ? ಮೊಮ್ಮಗಳ ಮಾತು?” ಇಲ್ಲ ಎಂದೆ. “ಹಂಗಾದ್ರ ಪೂಜಾ ಒಂದ ಹೆಂಗ ರುಚಿಸಬೇಕು? ಇದು ಭಕ್ತಿ ಕಡಿಮಿ ಆದದ್ದಲ್ಲ, ಕಾಯಿಲೆಯ ಲಕ್ಷಣ.” ಯಾವ ಔಷಧಿಗಿಂತ ಮೊದಲು ನನಗೆ ಹಿಡಿದ ಔಷಧಿ ಅದು.

ದುಃಖವೆಲ್ಲ ಕಾಯಿಲೆಯಲ್ಲ. ಮಣ್ಣಿನ ಅಣೆಕಟ್ಟಿನಲ್ಲಿ ಸ್ವಲ್ಪ ಸೋರಿಕೆ ಇದ್ದೇ ಇರುತ್ತದೆ. ಅದನ್ನು ದಿನವೂ ಅಳೆದು ಬರೆದಿಡುತ್ತಿದ್ದೆವು. ಪ್ರಮಾಣ ಏರದೆ ನೀರು ತಿಳಿಯಾಗಿ ಬಂದರೆ ಹೆದರುತ್ತಿರಲಿಲ್ಲ. ಕದಡಿ ಬಂದರೆ ಒಳಗಿನ ಮಣ್ಣು ಕೊಚ್ಚಿ ಹೋಗುತ್ತಿದೆ ಎಂದರ್ಥ, ಆಗ ರಾತ್ರಿಯಾದರೂ ಓಡುತ್ತಿದ್ದೆವು. ಎರಡು ವಾರ, ದಿನದ ಬಹುಪಾಲು ಮಂಕು ಅಥವಾ ಯಾವುದರಲ್ಲೂ ಆಸಕ್ತಿಯಿಲ್ಲ, ಜೊತೆಗೆ ನಿದ್ದೆ, ಹಸಿವು ಕೆಟ್ಟಿದೆ, ತಾನು ಯಾತಕ್ಕೂ ಬಾರದವನು ಎಂಬ ಭಾವ ಬಿಡುತ್ತಿಲ್ಲ ಎಂದರೆ ನೀರು ಕದಡಿದೆ. ನಾನು ಎಂಟು ತಿಂಗಳು ಸುಮ್ಮನೆ ನೋಡುತ್ತ ಕೂತೆ. ಎಂಜಿನಿಯರ್ ಬೇರೆ!

ಗುಳಿಗೆಯ ಬಗ್ಗೆ ಒಂದು ಮಾತು. ಶುರುವಿನಲ್ಲಿ ವಾಕರಿಕೆ ಬಂತು, ಗುಣ ಕಾಣಲಿಲ್ಲ, ಹತ್ತನೇ ದಿನ ಬಿಟ್ಟುಬಿಟ್ಟೆ. ಅದು ತಪ್ಪು. ಇವು ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಗುಣವಾದ ಮೇಲೂ ಕೆಲವು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ಆಪ್ತಸಮಾಲೋಚಕಿಯೊಬ್ಬರು ಇನ್ನೊಂದು ಕಲಿಸಿದರು. ಮನಸ್ಸು ಬರಲಿ, ಆಮೇಲೆ ಕೆಲಸ ಮಾಡುತ್ತೇನೆ ಎಂದು ಕಾಯಬಾರದು. ಸಣ್ಣದೊಂದು ಕೆಲಸ ಮಾಡಿದರೆ ಮನಸ್ಸು ಹಿಂದಿನಿಂದ ಬರುತ್ತದೆ. ನನ್ನ ಮೊದಲ ವಾರದ ಕೆಲಸ ಎರಡು ಕುಂಡಕ್ಕೆ ನೀರು ಹಾಕುವುದು. ಎರಡನೇ ವಾರ ಓಣಿಯ ತುದಿಯವರೆಗೆ ನಡೆಯುವುದು. ಕಾಯಕದ ಬಗ್ಗೆ ಭಾಷಣ ಮಾಡುತ್ತಿದ್ದ ನನಗೆ ಎರಡು ಕುಂಡವೂ ಕಾಯಕವೇ ಎಂದು ಅಲ್ಲಿ ಗೊತ್ತಾಯಿತು. ಜ್ವರದಲ್ಲಿ ಮಲಗಿದವನಿಗೆ ಹೊಲ ಉಳು ಎಂದು ಯಾರೂ ಹೇಳುವುದಿಲ್ಲ. ಮನಸ್ಸು ಮಲಗಿದವನಿಗೆ ಮಾತ್ರ ನಾವು ಕಾಯಕದ ಹೆಸರಿನಲ್ಲಿ ಚಾಟಿ ಬೀಸುತ್ತೇವೆ.

2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ 20ಕ್ಕೆ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ಬಹುಪಾಲು ಜನರಿಗೆ ಚಿಕಿತ್ಸೆ ಸಿಗುವುದಿಲ್ಲ. ಈ ಸಭಾಭವನದಲ್ಲಿ ಇನ್ನೂರು ಜನ ಇದ್ದೀರಿ, ಲೆಕ್ಕ ನೀವೇ ಹಾಕಿ. ಆತ್ಮಹತ್ಯೆಗೆ ಯತ್ನಿಸಿದವರನ್ನು ಕಾನೂನು ಕೂಡ ಈಗ ಅಪರಾಧಿಯಂತೆ ಕಾಣುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ, ಅವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಿ ಸರ್ಕಾರ ಆರೈಕೆ ಕೊಡಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬರೆದುಕೊಳ್ಳಿ, ನಾನು ಕಾಯುತ್ತೇನೆ. 1, 4, 4, 1, 6.

ಐದನೇ ತಿಂಗಳೋ ಆರನೆಯದೋ, ಒಂದು ಬೆಳಿಗ್ಗೆ ಪೂಜೆಗೆ ಕೂತಾಗ ಹೊರಗೆ ಮಳೆ ಬರುತ್ತಿತ್ತು. ಮುಗಿಸಿ ಎದ್ದಾಗ ಮಳೆ ನಿಂತಿತ್ತು. ನಿಂತದ್ದು ನನಗೆ ಗೊತ್ತಾಗಿರಲಿಲ್ಲ. ಮನೆಯವರಿಗೆ ಹೇಳಿದೆ, ಅವರು ಅಡುಗೆಮನೆಯಲ್ಲೇ ನಿಂತು ಅತ್ತರು.

ಗುಳಿಗೆ ಇನ್ನೂ ಒಂದು ನಡೆದಿದೆ. ಪ್ರಸಾದ ಆದ ಮೇಲೆ ದಾಸೋಹದ ಲೆಕ್ಕದ ಕೋಣೆಯಲ್ಲಿ ಇರುತ್ತೇನೆ. ಮಾತಾಡಬೇಕು ಅನ್ನಿಸಿದವರು ಬನ್ನಿ. ಯಾರಾದರೂ ಕೇಳಿದರೆ ಲೆಕ್ಕ ನೋಡುತ್ತಿದ್ದೆವು ಎಂದು ಹೇಳೋಣ.