ನರಸಿಂಹರಾಜು ಪಕ್ಕದಲ್ಲಿದ್ದಾಕೆ



ಕನ್ನಡದ ಹಾಸ್ಯನಟರು ಯಾರ್ಯಾರು ಎಂದರೆ ನರಸಿಂಹರಾಜು, ಬಾಲಕೃಷ್ಣ, ದ್ವಾರಕೀಶ್, ಮುಸುರಿ ಕೃಷ್ಣಮೂರ್ತಿ, ಎನ್.ಎಸ್. ರಾವ್ ಎಂದು ಹೆಸರುಗಳು ತಾವಾಗಿಯೇ ಬಾಯಿಗೆ ಬರುತ್ತವೆ. ಹಾಸ್ಯನಟಿಯರು ಯಾರು ಎಂದು ಕೇಳಿದರೆ ಮುಖ ನೆನಪಾಗುತ್ತದೆ, ಹೆಸರು ಹೊಳೆಯುವುದಿಲ್ಲ. ಆ ಹೆಸರುಗಳನ್ನು ಹೇಳಬೇಕೆಂದೇ ಈ ಮಾತು.

ಕಪ್ಪು-ಬಿಳುಪಿನ ಕಾಲದಲ್ಲಿ ಎಂ.ಎನ್. ಲಕ್ಷ್ಮೀದೇವಿ, ಬಿ. ಜಯಾ, ರಮಾದೇವಿ, ಪಾಪಮ್ಮ ಇದ್ದರು. ಕಂಪನಿ ನಾಟಕದಿಂದ ಬಂದ ಸಂಪ್ರದಾಯದಂತೆ ಆಗಿನ ಸಿನಿಮಾದಲ್ಲಿ ಹಾಸ್ಯದ್ದೇ ಒಂದು ಬೇರೆ ಎಳೆ. ನಾಯಕನ ಗೆಳೆಯನಿಗೋ ಅಡುಗೆಭಟ್ಟನಿಗೋ ಒಬ್ಬಳು ಜೋಡಿ ಬೇಕು, ಆ ಜೋಡಿ ಇವರು. ನಗೆಯ ಮಾತು ಗಂಡಸಿನದು. ಆ ಮಾತಿಗೆ ದಾರಿ ಮಾಡಿಕೊಡುವುದು, ಸಿಡುಕುವುದು, ಪೊರಕೆ ಎತ್ತುವುದು ಹೆಂಗಸಿನದು. ಇದನ್ನು ಸಣ್ಣ ಕೆಲಸ ಎಂದುಕೊಂಡವರು ನಟನೆಯನ್ನು ಸರಿಯಾಗಿ ನೋಡಿಲ್ಲ. ಎದುರಿನವಳು ಅರೆಗಳಿಗೆ ತಡವರಿಸಿದರೂ ನರಸಿಂಹರಾಜು ಅವರ ಮಾತು ಕೂಡ ಬಿದ್ದುಹೋಗುತ್ತಿತ್ತು. 1950ರ ದಶಕದ ಕೊನೆಗೆ ಚಿತ್ರರಂಗಕ್ಕೆ ಬಂದ ಜಯಾ ಮುಂದೆ ಧಾರಾವಾಹಿಗಳಲ್ಲೂ ದುಡಿದು 2021ರಲ್ಲಿ ತೀರಿಕೊಂಡರು. ನಾಯಕಿಯರು ಎಷ್ಟೋ ಮಂದಿ ಬಂದುಹೋದರು, ಜಯಾ ಇದ್ದೇ ಇದ್ದರು.

ಆಮೇಲೆ ಉಮಾಶ್ರೀ. ಇವರ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೊತ್ತು ಮಾತಾಡಿದರೆ ಕೇಳುಗರು ಸಹಿಸಿಕೊಳ್ಳಬೇಕು. 1984ರಲ್ಲಿ ಕಾಶೀನಾಥರ ‘ಅನುಭವ’ ಅವರನ್ನು ಮನೆಮಾತಾಗಿಸಿತು. ಅದರ ಬೆನ್ನಿಗೇ ಎನ್.ಎಸ್. ರಾವ್ ಜೊತೆ ಚಿತ್ರದ ಮೇಲೆ ಚಿತ್ರ. ಸಂಭಾಷಣೆಯಲ್ಲಿ ದ್ವಂದ್ವಾರ್ಥ ತುಂಬಿರುತ್ತಿತ್ತು. ಬರೆದವರು ಗಂಡಸರು, ಚಿತ್ರಮಂದಿರದಲ್ಲಿ ಸಿಳ್ಳೆ ಹೊಡೆದವರು ಗಂಡಸರು, ಮೂಗು ಮುರಿಸಿಕೊಂಡವರು ಮಾತ್ರ ಉಮಾಶ್ರೀ. ಇದು ಅನ್ಯಾಯ. ಇದೇ ನಟಿ ರಂಗದ ಮೇಲೆ ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನಾಗಿ, ಕಳೆದುಹೋದ ಒಂದು ಹುಂಜಕ್ಕಾಗಿ ಹಂಬಲಿಸುವ ಮುದುಕಿಯಾಗಿ, ನೋಡುವವರನ್ನು ನಗಿಸುತ್ತಲೇ ಗಂಟಲು ಕಟ್ಟಿಸುತ್ತಿದ್ದರು. ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನಲ್ಲಿ ಕರಾವಳಿಯ ಸೂಲಗಿತ್ತಿಯ ಪಾತ್ರಕ್ಕೆ 2007ರ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂದಾಗ, ಹಾಸ್ಯನಟಿಗೆ ಇಷ್ಟು ಗಂಭೀರ ಪಾತ್ರವೇ ಎಂದು ಕೆಲವರು ಬೆರಗಾದರು. ಬೆರಗಾಗಬೇಕಾದ್ದೇನೂ ಇರಲಿಲ್ಲ. ಸಿನಿಮಾ ಬಚ್ಚಿಟ್ಟಿದ್ದ ಅರ್ಧ ಆಗ ಹೊರಬಂದಿತ್ತು, ಅಷ್ಟೆ.

ದೂರದರ್ಶನದಲ್ಲಿ ಲೆಕ್ಕ ಬೇರೆಯಾಯಿತು. ನೋಡುವವರಲ್ಲಿ ಮನೆಯ ಹೆಂಗಸರೇ ಹೆಚ್ಚು, ಕತೆ ನಡೆಯುವುದೂ ಮನೆಯೊಳಗೆ. ಅರ್ಧ ಗಂಟೆಯನ್ನು ಬರೀ ಜೋಡಿಯ ಚಟಾಕಿಯಿಂದ ತುಂಬಿಸಲಾಗದು, ಗಟ್ಟಿ ಪಾತ್ರ ಬೇಕು. 80ರ ದಶಕದ ‘ಸಿಹಿ ಕಹಿ’ಯಲ್ಲಿ ಗೀತಾ ಗಂಡನಿಗೆ ಸರಿಸಮನಾಗಿ ನಗಿಸಿದರು, ಆ ಧಾರಾವಾಹಿಯ ಹೆಸರೇ ಅವರ ಹೆಸರಿನ ಮುಂದೆ ನಿಂತಿತು. ‘ಪಾಪ ಪಾಂಡು’ವಿನಲ್ಲಿ ಶಾಲಿನಿ ಗಂಡನನ್ನು ಗದರಿಸಿ, ಬಾರಿಸಿ ಮನೆ ಆಳಿದರು. ‘ಸಿಲ್ಲಿ ಲಲ್ಲಿ’ಯ ಸಮಾಜಸೇವಕಿ ಲಲಿತಾಂಬ ಇನ್ನೂ ಒಂದು ಹೆಜ್ಜೆ ಮುಂದೆ. ಮಂಜುಭಾಷಿಣಿ ಆಡಿದ ಈ ಹೆಂಗಸಿಗೆ ತನ್ನದೇ ಮಹತ್ವಾಕಾಂಕ್ಷೆಯಿತ್ತು. ಆ ಹಂಬಲವೇ ನಗೆಯ ಮೂಲ, ಮನೆಮಂದಿಯೆಲ್ಲ ಅದರ ಸುತ್ತ ಓಡಬೇಕು. ಗಂಡಿನ ಮಾತಿಗೆ ದಾರಿ ಮಾಡಿಕೊಡುವ ಕಾಲ ಅಲ್ಲಿಗೆ ಮುಗಿಯಿತೆಂದು ನನ್ನ ಎಣಿಕೆ.

ಅಪರ್ಣಾ ಅವರನ್ನು ರೇಡಿಯೋದಲ್ಲಿ ನೆನೆಯದೆ ಹೇಗೆ? ಆಕಾಶವಾಣಿಯಲ್ಲಿ, ವೇದಿಕೆಗಳಲ್ಲಿ, ನಮ್ಮ ಮೆಟ್ರೋದಲ್ಲಿ ಕೇಳಿದ ಆ ಸ್ವಚ್ಛ ಕನ್ನಡದ ದನಿ ಟಿವಿಯ ಹಾಸ್ಯ ಕಾರ್ಯಕ್ರಮ ‘ಮಜಾ ಟಾಕೀಸ್’ನಲ್ಲಿ ಜಂಬದ ವರಲಕ್ಷ್ಮಿಯಾಯಿತು. ಎಷ್ಟೋ ವರ್ಷ ಅಳೆದು ತೂಗಿ ಆಡಿದ್ದ ಉಚ್ಚಾರಣೆಯನ್ನೇ ಎಳೆದು, ಉಬ್ಬಿಸಿ, ಕುಣಿಸಿದರು. ಮಾತಿನ ಮೇಲೆ ಅಷ್ಟು ಹಿಡಿತವಿಲ್ಲದವರಿಗೆ ಅದು ಸಾಧ್ಯವಿರಲಿಲ್ಲ. 2024ರ ಜುಲೈನಲ್ಲಿ ಅವರು ಹೋದಾಗ ಅತ್ತವರಲ್ಲಿ ಅನೇಕರು ವರಲಕ್ಷ್ಮಿಯನ್ನು ನೋಡಿ ನಕ್ಕವರು.

ಈಗ ‘ಕಾಮಿಡಿ ಕಿಲಾಡಿಗಳು’ ವೇದಿಕೆಯಿಂದ ನಯನಾರಂಥ ಹುಡುಗಿಯರು ತಮ್ಮ ಊರಿನ ಮಾತನ್ನೇ ಹಿಡಿದು ಬಂದಿದ್ದಾರೆ. ಆದರೂ ಇಂಥ ಕಾರ್ಯಕ್ರಮಗಳಲ್ಲಿ ಅತ್ತೆಯೋ ಅಜ್ಜಿಯೋ ಬೇಕಾದಾಗ ಗಂಡಸಿಗೆ ಸೀರೆ ಉಡಿಸುವುದು ನಿಂತಿಲ್ಲ. ಹೆಣ್ಣು ವೇದಿಕೆ ಹತ್ತುವಂತಿಲ್ಲದ ಕಾಲದಲ್ಲಿ ನಾಟಕ ಕಂಪನಿಗಳಿಗೆ ಅದು ಅನಿವಾರ್ಯವಾಗಿತ್ತು. ಇಷ್ಟು ಮಂದಿ ಸಮರ್ಥ ನಟಿಯರಿರುವಾಗ ಇಂದಿಗೂ ಅದೇಕೆ ಎಂದು ವಾಹಿನಿಗಳವರನ್ನು ಕೇಳಲೇಬೇಕು.