ಉತಾರದೊಳಗಿನ ಮುತ್ತಜ್ಜ

ಮುತ್ತಜ್ಜನ ಅಪ್ಪನ ಹೆಸರೇನು ಅಂತ ಕೇಳಿದರೆ ನಮ್ಮಲ್ಲಿ ಬಹಳ ಮಂದಿ ಸುಮ್ಮನಾಗುತ್ತಾರೆ. ಮನೆಬಾಗಿಲಿಗೆ ಬರುವ ಹೆಳವರು ಮಾತ್ರ ಮೂಲ ಊರು, ವಂಶಾವಳಿ, ವಲಸೆ ಬಂದ ದಾರಿ ಎಲ್ಲವನ್ನೂ ಪಟಪಟನೆ ಹೇಳಿಬಿಡುತ್ತಾರೆ. ಆದರೆ ತಾರೀಖು ಸಮೇತ ಬೇಕೆಂದರೆ ಇಂಗ್ಲಿಷರ ಕಾಲದ ಕಾಗದಗಳನ್ನೇ ತೆಗೆಯಬೇಕು.

ನಮ್ಮ ಬೆಳಗಾವಿಯಲ್ಲಿ ಆ ಕಾಲ ಶುರುವಾದದ್ದು 1818ರಲ್ಲಿ; ಆಗ ಇಲ್ಲಿನ ಕೋಟೆ ಪೇಶ್ವೆಯ ಕೈತಪ್ಪಿ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಹೊಸ ದೊರೆಗಳಿಗೆ ನಮ್ಮ ವಂಶದ ಮೇಲೇನೂ ಅಕ್ಕರೆ ಇರಲಿಲ್ಲ. ಯಾವ ಹೊಲಕ್ಕೆ ಯಾರು ಕಂದಾಯ ಕಟ್ಟಬೇಕು ಅನ್ನುವುದಷ್ಟೇ ಅವರ ಚಿಂತೆ. ಹೊಲ ಅಳೆದು ಸರ್ವೆ ನಂಬರು ಕೊಟ್ಟರು. ಮುಂದೆ 1903ರಲ್ಲಿ ಮುಂಬೈ ಸರ್ಕಾರ ಹಕ್ಕುದಾಖಲೆಯ ಕಾಯ್ದೆ ತಂದಿತು. ಹೊಲದ ಹಕ್ಕು ಕೈಬದಲಾದಾಗಲೆಲ್ಲ ನಮೂದು ಬೀಳತೊಡಗಿತು; ಆ ನಮೂದಿಗೆ ನಮ್ಮಲ್ಲಿ ‘ಡೈರಿ’ ಅನ್ನುತ್ತಾರೆ. ಆದ್ದರಿಂದ ಅಡ್ಡಹೆಸರು ಹಿಡಿದು ಹುಡುಕಬೇಡಿ. ಅಣ್ಣನಿಗೆ ಊರಿನ ಹೆಸರು, ತಮ್ಮನಿಗೆ ಕಸುಬಿನ ಹೆಸರು ಅಂಟಿಕೊಂಡಿರಬಹುದು. ಹೊಲ ಹಿಡಿಯಿರಿ, ಅದು ಎಲ್ಲಿಗೂ ಹೋಗುವುದಿಲ್ಲ.

ನಿಮ್ಮ ಹಿರಿಯರದು ಖಾನಾಪುರ ತಾಲೂಕಿನ ಒಂದು ಹಳ್ಳಿ ಅಂತ ಇಟ್ಟುಕೊಳ್ಳಿ. ಈಗಿನ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿನ ಜೊತೆಗೆ ಡೈರಿ ನಂಬರು ಇರುತ್ತದೆ. ತಹಶೀಲ್ದಾರ ಕಚೇರಿಯಲ್ಲಿ ಅರ್ಜಿ ಕೊಟ್ಟು ಆ ಡೈರಿಯ ನಕಲು ತೆಗೆಸಿ. ವಾರಸಾ ಡೈರಿಯಾದರೆ ಇಂಥವರು ತೀರಿಕೊಂಡರು, ವಾರಸುದಾರರು ಇಂತಿಂಥವರು ಎಂದು ಬರೆದಿರುತ್ತದೆ. ತೀರಿಕೊಂಡವರ ಹೆಸರಿಗೆ ಹೊಲ ಬಂದದ್ದು ಅದಕ್ಕೂ ಹಿಂದಿನ ಡೈರಿಯಿಂದ. ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋದರೆ, ಹಳೆಯ ಪುಟಗಳು ಉಳಿದಿದ್ದಲ್ಲಿ, ನೂರು ವರ್ಷ ಹಿಂದಕ್ಕೆ ಮುಟ್ಟಬಹುದು. ನಡುವೆ ಹೊಲ ಪಾಲಾಗಿ ಹಿಸ್ಸೆಯಾಗಿದ್ದರೆ ಮೂಲ ಸರ್ವೆ ನಂಬರಿಗೆ ಮರಳಿ.

ಒಂದೆರಡು ಗುರುತು ಗೊತ್ತಿರಲಿ. ‘ಬಿನ್’ ಅಂದರೆ ಮಗ, ‘ಕೋಂ’ ಅಂದರೆ ಹೆಂಡತಿ. ‘ಏ.ಕು.ಮ್ಯಾ.’ ಎಂದಿದ್ದರೆ ಆತ ಏಕತ್ರ ಕುಟುಂಬದ ಮ್ಯಾನೇಜರ್. ಅವನ ಒಂದು ಹೆಸರಿನ ಹಿಂದೆ ನಾಲ್ಕಾರು ತಮ್ಮಂದಿರು ಅಡಗಿರಬಹುದು. ಹೆಣ್ಣುಮಕ್ಕಳ ವಿಷಯದಲ್ಲಿ ಈ ಕಾಗದ ಬಲು ಜಿಪುಣ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮುಂಚೆ, ಗಂಡುಮಕ್ಕಳಿದ್ದ ಮನೆಯಲ್ಲಿ ಮಗಳ ಹೆಸರು ಸಿಗುವುದು ಅಪರೂಪ. ಅವರ ಹೆಸರು ಬೇಕಾದರೆ ಮನೆಯ ಹಿರಿಯರನ್ನೇ ಕೇಳಬೇಕು, ಅದೂ ಬೇಗ.

ಹೊಲವೇ ಇಲ್ಲದವರು ಏನು ಮಾಡಬೇಕು? ಬೆಳಗಾವಿ ನಗರದ ವಡಗಾವಿಯ ನೇಕಾರ ಮನೆತನಗಳಲ್ಲಿ ಎಷ್ಟೋ ಜನರಿಗೆ ಮಗ್ಗ ಇತ್ತು, ಮನೆ ಇತ್ತು, ಎಕರೆ ಇರಲಿಲ್ಲ. ಅಂಥವರು ಮನೆಯ ಸಿಟಿ ಸರ್ವೆ ಉತಾರ, ಜನನ ಮರಣದ ನೋಂದಣಿ, ಶಾಲೆಯ ಜನರಲ್ ರಜಿಸ್ಟರ್ ನೋಡಬೇಕು. ನನ್ನ ಮಟ್ಟಿಗೆ ಶಾಲೆಯ ಪುಸ್ತಕವೇ ಎಲ್ಲಕ್ಕಿಂತ ಉದಾರಿ: ಅಪ್ಪನ ಹೆಸರು, ಜಾತಿ, ಹುಟ್ಟಿದ ಊರು, ತಾರೀಖು ಒಂದೇ ಸಾಲಿನಲ್ಲಿ. ತಾರೀಖು ಮಾತ್ರ ಪೂರ್ತಿ ನಂಬಬೇಡಿ. ಜೂನ್ 1ರಂದು ಹುಟ್ಟಿದವರು ನಮ್ಮಲ್ಲಿ ತೀರ ಜಾಸ್ತಿ! 1884ರ ಬೆಳಗಾವಿ ಗ್ಯಾಜೆಟಿಯರ್‌ನಲ್ಲಿ ನೇಕಾರಿಕೆಯ ವಿವರ ಇದೆ, ನಿಮ್ಮ ಅಜ್ಜನ ಹೆಸರು ಇರುವುದಿಲ್ಲ. ಅದರಲ್ಲಿ ಜಾತಿಗಳ ಬಗ್ಗೆ ಅಧಿಕಾರಿಗಳು ಬರೆದದ್ದನ್ನು ಮನೆತನದ ಚರಿತ್ರೆ ಅಂತ ತಿಳಿಯಬಾರದು.

ಇನ್ನು ಗಡಿಯ ಗೋಜಲು. ವಡಗಾವಿಯ ಮಗ್ಗುಲ ಶಹಾಪುರ 1948ರವರೆಗೆ ಸಾಂಗ್ಲಿ ಸಂಸ್ಥಾನದ್ದು, ಇಂಗ್ಲಿಷರ ಬೆಳಗಾವಿ ಜಿಲ್ಲೆಯದಲ್ಲ. ಅಲ್ಲಿಯವರು ಸಂಸ್ಥಾನದ ಕಾಗದ ಹುಡುಕಬೇಕು, ಹಳೆಯ ಮರಾಠಿ ಬರವಣಿಗೆಯ ಮೋಡಿ ಲಿಪಿ ಓದಬಲ್ಲವರನ್ನೂ ಹುಡುಕಬೇಕು. ಚಂದಗಡದ ಕಥೆ ಉಲ್ಟಾ: ಇಂಗ್ಲಿಷರ ಕಾಲದಲ್ಲಿ ಬೆಳಗಾವಿ ಜಿಲ್ಲೆಯಲ್ಲೇ ಇತ್ತು, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಅದು ಮುಂಬೈ ರಾಜ್ಯದಲ್ಲೇ ಉಳಿಯಿತು. ಅಜ್ಜಿಯ ತವರು ಚಂದಗಡದ ಕಡೆಯದಾದರೆ, ಅರ್ಜಿಯನ್ನು ಮರಾಠಿಯಲ್ಲಿ ಬರೆದು ಈಗಿನ ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯ ಕಚೇರಿಗೆ ಕೊಡಿ.